ಮಲ್ಲಿಗೆಯ ಉಪವಾಸ

ನಮ್ಮ ಮನೆಯ ಹಿತ್ತಲು ಎಷ್ಟು ಅಗಲ ಎಂದು ಯಾರಾದರೂ ಕೇಳಿದರೆ, ಬಗಲಲ್ಲಿ ಕೊಡ ಇಟ್ಟುಕೊಂಡು ನೆಟ್ಟಗೆ ನಡೆಯಲಾಗದಷ್ಟು ಎನ್ನುತ್ತೇನೆ. ಒಂದು ಕಡೆ ನಮ್ಮ ಅಡುಗೆಮನೆಯ ಗೋಡೆ, ಇನ್ನೊಂದು ಕಡೆ ಮನೆ ಪಾಲಾದಾಗ ಎದ್ದ ಗೋಡೆ. ನಡುವೆ ಉದ್ದಕ್ಕೆ ಒಂದು ಸಂದಿ. ನರಗುಂದದಲ್ಲಿ ಗುಡ್ಡದ ಬುಡಕ್ಕೆ ಮನೆ ಇದ್ದವರಿಗೆಲ್ಲ ಗೊತ್ತಿರುವ ಗರಸು ನೆಲ ಅದು. ಗುದ್ದಲಿ ಹಾಕಿದರೆ ಕೈ ಜುಮ್ಮೆನ್ನುತ್ತದೆ, ಹಿಡಿ ಮಣ್ಣೂ ಏಳುವುದಿಲ್ಲ. ಅದರ ಮೇಲೆ ಹಳೇ ಗೋಡೆ ಕೆಡವಿದ ಸುಣ್ಣದ ಹೆಂಟೆ, ಒಡೆದ ಇಟ್ಟಿಗೆ, ಗೌಂಡಿಗಳು ಚೆಲ್ಲಿಹೋದ ಸಿಮೆಂಟು. ಊರ ಸುತ್ತ ನೋಡಿದಷ್ಟು ದೂರ ಎರೆಭೂಮಿ, ಕಾಲುವೆಯ ನೀರು. ನನ್ನ ಪಾಲಿಗೆ ಬಂದದ್ದು ಮಾತ್ರ ಇದು. ಇವತ್ತು ಈ ಸಂದಿಯಲ್ಲಿ ವರ್ಷದ ಯಾವ ತಿಂಗಳು ಬಂದು ನೋಡಿದರೂ ಹೂವಿರುತ್ತದೆ. ನೋಡಿದವರು ನನಗೆ ಹೂವಿನ ಹುಚ್ಚು ಎನ್ನುತ್ತಾರೆ. ಹುಚ್ಚಲ್ಲ, ಸೇಡು. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಗೋಡೆಯ ಆಚೆ ಇರುವವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಎದುರಿಗೆ ಅಕ್ಕಾ ಎನ್ನುತ್ತೇನೆ, ರೀ ಹಚ್ಚಿ ಮಾತಾಡುತ್ತೇನೆ. ಮನಸ್ಸಿನಲ್ಲಿ ಅವಳು ಅವಳೇ. ಮನೆ ಪಾಲು ಮಾಡುವಾಗ ನಮ್ಮ ಕಡೆ ಒಂದು ಪದ್ಧತಿ ಇದೆ: ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಯಾರಿಗೂ ಮೋಸವಾಗದಿರಲಿ ಎಂದು. ನಮ್ಮ ಭಾವನವರು ನ್ಯಾಯವಾಗಿಯೇ ಎರಡು ಪಾಲು ಮಾಡಿದರು. ರಸ್ತೆಯ ಮಗ್ಗುಲಿನ ಪಡಸಾಲೆ, ಕಾಳಿನ ಕೋಣೆ ಮತ್ತು ಅದರ ಹಿಂದಿನ ಈ ಸಂದಿ ಒಂದು ಪಾಲು, ಒಳಮನೆ ಮತ್ತು ಹಿತ್ತಲು ಇನ್ನೊಂದು. ನನ್ನ ಗಂಡ ಕಾಳಿನ ವ್ಯಾಪಾರದವರು. ಹಿಂದೆಮುಂದೆ ನೋಡದೆ ರಸ್ತೆಯ ಕಡೆಯದನ್ನು ಆರಿಸಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಇನ್ನು ಲಾರಿ ಬಾಗಿಲಿಗೇ ಬರುತ್ತದೆ ಎಂದು ಒಳಗೆ ಬಂದು ಹಿಗ್ಗಿನಿಂದ ಹೇಳಿದರು. ಹಿತ್ತಲಿನಲ್ಲಿ ನನ್ನ ಮಲ್ಲಿಗೆ ಇದೆಯಲ್ಲ ಎಂದೆ. ಒಂದು ಗಿಡ ತಾನೆ ಎಂದರು.

ಸಿಟ್ಟು ತೀರಿಸಿಕೊಳ್ಳಬೇಕಾದದ್ದು ಅವರ ಮೇಲೆ ಎಂದು ನ್ಯಾಯ ಬಲ್ಲವರು ಹೇಳಬಹುದು. ಆದರೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ನೆಗೆಣ್ಣಿಯರ ಜಗಳಕ್ಕೆ ಅಂಥ ಗಡುವಿಲ್ಲ.

ಆ ಮಲ್ಲಿಗೆ ನನ್ನ ತವರಿನದು. ಮದುವೆಯಾದ ವರ್ಷ ಸವಡಿಯಿಂದ ಹಸಿ ಗೋಣಿತಾಟಿನಲ್ಲಿ ಸುತ್ತಿ, ರೋಣದಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು. ಅತ್ತೆ ಆಗ ಬದುಕಿದ್ದರು. ಹಿತ್ತಲಿಗೆ ಅವರು ಹೊಲದಿಂದ ಚಕ್ಕಡಿಗಟ್ಟಲೆ ಎರೆಮಣ್ಣು ಹೇರಿಸಿದ್ದರು. ಬಾವಿಯ ಹತ್ತಿರ ಜಾಗ ತೋರಿಸಿ, ಇಲ್ಲಿ ಹಚ್ಚು ಎಂದರು. ಹಚ್ಚಿದ ಮೇಲೆ ಅವರು ಹೇಳಿದ ಮಾತು ಇವತ್ತಿಗೂ ನಮ್ಮ ಎರಡು ಮನೆಗೂ ಕಾನೂನು.

“ಹೂ ಕೇಳಿ ಬಂದವರಿಗೆ ಇಲ್ಲ ಅನಬಾರದು. ಕೊಟ್ಟ ಹೂವ ಒಲ್ಲೆ ಅನಬಾರದು.”

ಗೋಡೆಗೆ ಬುನಾದಿ ತೆಗೆಯುತ್ತಿದ್ದ ದಿನ ನಾನು ನೆಗೆಣ್ಣಿಯ ಹತ್ತಿರ ಹೋಗಿ, ಮಲ್ಲಿಗೆಯನ್ನು ಬೇರು ಸಮೇತ ಎತ್ತಿ ನನ್ನ ಸಂದಿಗೆ ಹಚ್ಚಿಕೊಳ್ಳುತ್ತೇನೆ ಎಂದು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಬೇಡಿದೆ. ಗೌಂಡಿಗಳು, ಕೂಲಿಯವರು, ಓಣಿಯ ಇಬ್ಬರು ಹೆಂಗಸರು ಎಲ್ಲ ನಿಂತಿದ್ದರು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದಳು:

“ನೆಲ ಯಾರದೋ ಗಿಡಾನೂ ಅವರದಽ. ನಿನ್ನ ಸಂದಿಯೊಳಗ ಬರೇ ಗರಸ ಐತಿ. ಅಲ್ಲಿ ಕಸಾನೂ ಹುಟ್ಟೂದಿಲ್ಲ, ಹೂ ಎಲ್ಲಿಂದ ಹುಟ್ಟಬೇಕು?”

ನಿಂತವರಲ್ಲಿ ಒಬ್ಬಳು ನಕ್ಕಳು. ಆ ನಗೆ ನನಗೆ ಗುದ್ದಲಿಗಿಂತ ಹರಿತವಾಗಿ ನಾಟಿತು. ಗೋಡೆ ಏಳುತ್ತಿದ್ದಂತೆ ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ: ಇವಳು ಒಂದು ದಿನ ತಾಟು ಹಿಡಿದುಕೊಂಡು ನನ್ನ ಬಾಗಿಲಿಗೆ ಹೂ ಕೇಳಲು ಬರಬೇಕು. ಇದೇ ಗರಸಿನಲ್ಲಿ ಹುಟ್ಟಿದ ಹೂವನ್ನು ಕೇಳಬೇಕು. ಇಲ್ಲ ಎನ್ನುವ ಹಾಗಿಲ್ಲ, ಕೊಡುತ್ತೇನೆ. ಆದರೆ ಕೊಡುವ ಮೊದಲು ಅವಳ ಮಾತನ್ನು ಅವಳಿಗೇ ತಿರುಗಿ ಕೇಳಿಸುತ್ತೇನೆ.

ಮೊದಲ ವರ್ಷ ಸಿಟ್ಟಿನಲ್ಲಿ ಬುದ್ಧಿ ಕೆಟ್ಟಿತು. ಅವಳ ಕಣ್ಣು ಕುಕ್ಕುವಂಥದ್ದೇ ಬೇಕು ಎಂದು ಗುಲಾಬಿ, ಸೇವಂತಿಗೆ, ದಾಸವಾಳ ತಂದೆ. ಗಾಡಿಯ ಮೇಲೆ ಗಿಡ ಮಾರಿಕೊಂಡು ಬರುವವನು ಎಲ್ಲವೂ ಬರುತ್ತದೆ ಎಂದ. ಅವನು ಹೇಳಿದ್ದು ಸುಳ್ಳಲ್ಲ, ಬಂದವು, ಬಂದಷ್ಟೇ ಬೇಗ ಹೋದವು. ಗುಲಾಬಿ ಒಂದು ಹೂ ಬಿಟ್ಟು ಒಣಗಿತು. ಸೇವಂತಿಗೆ ಮೊಗ್ಗಿಗೆ ಬರುವ ಮೊದಲೇ ಬಾಗಿತು. ದಾಸವಾಳ ಸಾಯಲೂ ಇಲ್ಲ, ಬದುಕಲೂ ಇಲ್ಲ. ಸುಣ್ಣದ ನೆಲಕ್ಕೆ ಅದರ ಎಲೆ ಹಳದಿ ತಿರುಗಿ, ಕಾಮಾಲೆಯಾದವರ ಹಾಗೆ ಗೋಡೆಗೆ ಒರಗಿ ನಿಂತಿತು. ಅವಳು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಬಂದಾಗಲೆಲ್ಲ ಸುಮ್ಮನೆ ಒಮ್ಮೆ ಬಗ್ಗಿ ನೋಡಿ ಹೋಗುತ್ತಿದ್ದಳು. ಏನಾದರೂ ಅಂದಿದ್ದರೆ ಚಲೋ ಇತ್ತು. ಅನ್ನಲಿಲ್ಲ.

ಆಗ ನನಗೆ ತಿಳಿದದ್ದು ಇಷ್ಟು: ಚೆಲುವು ನೋಡಿ ಗಿಡ ಆರಿಸಬಾರದು, ಅದು ಎಲ್ಲಿ ಹುಟ್ಟಿದೆ ಎಂದು ನೋಡಿ ಆರಿಸಬೇಕು. ಉಂಡು ಬೆಳೆಯುವ ಹೂವು ನನಗೆ ಬೇಡ. ಹಸಿದು ಬೆಳೆಯುವ ಹೂವು ಬೇಕು. ಅಂದಿನಿಂದ ಎಲ್ಲಿಗೆ ಹೋದರೂ ನನ್ನ ಕಣ್ಣು ಕೆಟ್ಟ ಜಾಗಗಳನ್ನೇ ಹುಡುಕತೊಡಗಿತು. ಮದುವೆಗೆ ಹೋದರೆ ಬೀಗರ ಸೀರೆ ನೋಡುವುದು ಬಿಟ್ಟು ಮಂಟಪದ ಹಿಂದಿನ ಕಲ್ಲುಗುಂಪೆ ನೋಡುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಬೇಕು ಎಂದು ಹಟ ಹಿಡಿಯುತ್ತಿದ್ದೆ. ಎರೆಹೊಲಗಳು ಬಂದಾಗ ಕಣ್ಣು ಮುಚ್ಚುತ್ತಿದ್ದೆ, ದಿನ್ನೆ ಬಂದಾಗ ತೆರೆಯುತ್ತಿದ್ದೆ.

ಸೂಡಿಯಲ್ಲಿ ಒಂದು ಸಾವಿಗೆ ಹೋಗಿದ್ದೆವು. ಎಲ್ಲರೂ ಕೈಕಾಲು ತೊಳೆಯಲು ಹೊಂಡಕ್ಕೆ ಇಳಿದಾಗ, ಹಳೇ ಕಲ್ಲಿನ ಮೆಟ್ಟಿಲುಗಳ ನಡುವಿನ ಬಿರುಕಿನಲ್ಲಿ ನಿತ್ಯಪುಷ್ಪ ನಗುತ್ತಿತ್ತು. ಹಿಡಿ ಮಣ್ಣಿಲ್ಲ, ಸುಡುವ ಕಲ್ಲು, ಆದರೂ ತಿಳಿಗುಲಾಬಿ ಬಣ್ಣ ಚೆಲ್ಲಿಕೊಂಡಿತ್ತು. ಸಾವಿನ ಮನೆಗೆ ಬಂದದ್ದು ಮರೆತು ಅದರ ಒಣಕಾಯಿ ಕಿತ್ತು ಸೆರಗಿಗೆ ಗಂಟು ಹಾಕಿದೆ. ನನ್ನ ಗಂಡ ನೋಡಿ ಮುಖ ತಿರುಗಿಸಿದರು. ಕಣಗಿಲೆ ಸಿಕ್ಕಿದ್ದು ರೋಣದ ದಾರಿಯಲ್ಲಿ, ಕೆಟ್ಟು ನಿಂತ ಬಸ್ಸಿನ ಪುಣ್ಯದಿಂದ. ಕಂಡಕ್ಟರ್ ಇನ್ನೊಂದು ಬಸ್ಸಿಗೆ ಕಾಯಲು ಹೇಳಿದಾಗ, ರಸ್ತೆಯ ಬದಿಯ ಜಲ್ಲಿಯಲ್ಲಿ ಗೊಂಚಲು ಗೊಂಚಲು ಹೂ ಹೊತ್ತು ನಿಂತಿದ್ದ ಗಿಡದಿಂದ ಒಂದು ಟೊಂಗೆ ಮುರಿದುಕೊಂಡೆ. ಗಜೇಂದ್ರಗಡದಲ್ಲಿ ನನ್ನ ದೊಡ್ಡಮ್ಮನ ಮನೆ ಗುಡ್ಡಕ್ಕೆ ಹೊಂದಿಕೊಂಡೇ ಇದೆ. ಅವರ ಬಚ್ಚಲ ಹಿಂದಿನ ಬಂಡೆಯ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿ, ಎಲೆಯೇ ಕಾಣದಷ್ಟು ಕೆಂಪಾಗಿತ್ತು. ಮುಳ್ಳು ಇರುವ ಬಳ್ಳಿ, ಗೋಡೆಯ ಮೇಲೆ ಹಬ್ಬಿಸಲು ಇದಕ್ಕಿಂತ ಚಲೋದು ಇನ್ನಾವುದು ಎಂದು ಅದರದೂ ಒಂದು ತುಂಡು ತಂದೆ. ಅಬ್ಬಲಿಗೆ ಮತ್ತು ಚೆಂಡುಹೂವಿನ ಬೀಜ ಸವಡಿಯಿಂದ ಬಂದವು. ಸಂಜೆಮಲ್ಲಿಗೆಯ ಕರಿ ಬೀಜವನ್ನು ಯಾರ ಮನೆಯ ಮುಂದಿನಿಂದ ಆರಿಸಿದೆನೋ ಈಗ ನೆನಪಿಲ್ಲ.

ಇವನ್ನೆಲ್ಲ ಹೂವಿಗಾಗಿ ಅಷ್ಟೇ ಆರಿಸಲಿಲ್ಲ, ತಿಂಗಳು ನೋಡಿ ಆರಿಸಿದೆ. ಅವಳು ಯಾವ ತಿಂಗಳು ತಾಟು ಹಿಡಿದು ಬರುತ್ತಾಳೋ ಯಾರಿಗೆ ಗೊತ್ತು. ಬಂದ ದಿನ ನನ್ನ ಸಂದಿ ಬರಿದಾಗಿದ್ದರೆ ನನ್ನ ಸೇಡಿಗೆ ಏನು ಬೆಲೆ? ಮಹಾನವಮಿಯಿಂದ ದೀಪಾವಳಿಗೆ ಚೆಂಡುಹೂ, ಚಳಿಗಾಲಕ್ಕೆ ಅಬ್ಬಲಿಗೆ, ಬೇಸಿಗೆಗೆ ಕಣಗಿಲೆ, ಮಳೆಗಾಲದ ಸಂಜೆಗಳಿಗೆ ಸಂಜೆಮಲ್ಲಿಗೆ, ಯಾವುದೂ ಇಲ್ಲದಾಗ ನಿತ್ಯಪುಷ್ಪ. ಹಗೆ ಇಟ್ಟುಕೊಂಡವಳ ಪಂಚಾಂಗ ಇದು. ಹಬ್ಬ ಬಂತೆಂದರೆ ನಾನು ಹೋಳಿಗೆಗಿಂತ ಮೊದಲು ಸಂದಿಯ ಚಿಂತೆ ಮಾಡುತ್ತಿದ್ದೆ.

ಒಂದು ವರ್ಷ ಆಸೆ ಹೆಚ್ಚಾಗಿ ಸಗಣಿಗೊಬ್ಬರ ತಂದು ಹಾಕಿದೆ. ಚೆಂಡುಗಿಡ ಎದೆಯುದ್ದ ಬೆಳೆದು, ಕಡುಹಸಿರು ಎಲೆ ಹೊತ್ತು ನಿಂತಿತು. ಹೂವು ಮಾತ್ರ ಅಲ್ಲೊಂದು ಇಲ್ಲೊಂದು. ದೀಪಾವಳಿಗೆ ಅಂಗಡಿಯ ತಕ್ಕಡಿಗೆ ಹಾಕಲು ಸಂತೆಯಿಂದ ಮಾಲೆ ತರಬೇಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಜನ ಬೈಗುಳಕ್ಕೆ ಹೇಳುತ್ತಾರೆ. ಗಿಡಗಳ ಮಟ್ಟಿಗೆ ಅದು ಬೈಗುಳವಲ್ಲ, ಖರೇ ಮಾತು. ಹೊಟ್ಟೆಗೆ ಹಿಟ್ಟು ಬಿದ್ದರೆ ಜುಟ್ಟಿಗೆ ಹೂ ಬರುವುದಿಲ್ಲ. ಅಂದಿನಿಂದ ಗೊಬ್ಬರ ಬಂದ್ ಮಾಡಿದೆ.

ಈ ಮಾತು ನನಗೆ ಹೊಸದೇನೂ ಆಗಿರಲಿಲ್ಲ. ಸವಡಿಯಲ್ಲಿ ನನ್ನ ಅವ್ವ ಪುಷ್ಯ ಮಾಸ ಬಂತೆಂದರೆ ಮಲ್ಲಿಗೆಗೆ ಉಪವಾಸ ಹಾಕುತ್ತಿದ್ದಳು. ನೀರು ಪೂರ್ತಿ ನಿಲ್ಲಿಸಿ, ಎಲೆಗಳನ್ನೆಲ್ಲ ಕಿತ್ತು, ಗಿಡವನ್ನು ಬರೀ ಕಡ್ಡಿಯಾಗಿ ಬಿಸಿಲಿಗೆ ಬಿಡುತ್ತಿದ್ದಳು. ಶಿವರಾತ್ರಿ ಹತ್ತಿರ ಬಂದಾಗ ಬುಡ ಕೆದರಿ ಒಮ್ಮೆಲೇ ನೀರುಣಿಸಿದರೆ, ಯುಗಾದಿ ಕಳೆಯುತ್ತಲೇ ಗಿಡದ ತುಂಬ ಮೊಗ್ಗು. ಉಪವಾಸ ಮಾಡದ ಮಲ್ಲಿಗೆ ಎಲೆ ಬಿಡುತ್ತದೆ, ಬಳ್ಳಿ ಚಾಚುತ್ತದೆ, ಹೂ ಬಿಡುವುದಿಲ್ಲ. ಕೂಡಿ ಇದ್ದಾಗ ಈ ಕೆಲಸವನ್ನು ವರ್ಷವೂ ನಾನೇ ಮಾಡುತ್ತಿದ್ದೆ. ಕಿತ್ತ ಎಲೆಯನ್ನು ಮನೆಯ ಆಡಿಗೆ ಹಾಕುತ್ತಿದ್ದೆ. ನೆಗೆಣ್ಣಿ ನಾನು ಆಡಿನ ಸಲುವಾಗಿಯೇ ಎಲೆ ಕೀಳುತ್ತೇನೆ ಅಂದುಕೊಂಡಿದ್ದಳು.

ಹಾಗಾಗಿ ಗೋಡೆ ಎದ್ದ ಮೇಲೆ ಅವಳು ಏನು ಮಾಡಿದಳು ಗೊತ್ತೆ? ಗಿಡ ತನ್ನದಾಯಿತಲ್ಲ ಎಂಬ ಹುರುಪಿಗೆ ಬಚ್ಚಲ ನೀರನ್ನೆಲ್ಲ ಕಾಲುವೆ ತೆಗೆದು ಮಲ್ಲಿಗೆಯ ಬುಡಕ್ಕೆ ತಿರುಗಿಸಿದಳು. ಎಮ್ಮೆಯ ಸಗಣಿ ತಂದು ಹಾಕಿದಳು. ನಾನು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತ ನೋಡಿದೆ. ಗಿಡ ಪೊದೆಯಾಯಿತು, ಎಲೆ ಅಂಗೈಯಗಲವಾಯಿತು, ಬಳ್ಳಿಗಳು ಹಾವಿನ ಮರಿಗಳಂತೆ ಎಲ್ಲ ಕಡೆ ತಲೆಯೆತ್ತಿದವು. ಚೈತ್ರ ಬಂತು, ಮೊಗ್ಗಿಲ್ಲ. ಮರುವರ್ಷವೂ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ನಾನು ಕೋಲನ್ನು ಎತ್ತುವುದೂ ಬೇಕಾಗಲಿಲ್ಲ.

ಒಮ್ಮೆ ಅವಳೇ ಮಾಳಿಗೆಯ ಮೇಲಿನಿಂದ ಕೇಳಿದಳು, ಈ ಮಲ್ಲಿಗೆ ಯಾಕೆ ಹೂ ಬಿಡುತ್ತಿಲ್ಲ ಎಂದು. ನಾನು ಹಪ್ಪಳದಿಂದ ತಲೆ ಎತ್ತದೆ ಹೇಳಿದೆ:

“ನೀರ ಸಾಲವಲ್ದೇನೋ, ಅಕ್ಕಾ.”

ಅಂದು ಸಂಜೆಯೇ ಅವಳು ಬಾವಿಯ ಮೋಟರಿನ ಪೈಪನ್ನೂ ಆ ಕಡೆ ತಿರುಗಿಸಿದ ಸದ್ದು ಕೇಳಿಸಿತು. ನಾನು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಆ ಮೇಲಿನ ಮಳೆಗಾಲದಲ್ಲಿ ಇನ್ನೂ ಚಲೋ ಆದದ್ದೊಂದಿದೆ. ಉಂಡು ಕೊಬ್ಬಿದ ಮಲ್ಲಿಗೆಯ ಒಂದು ಉದ್ದ ಬಳ್ಳಿ ಗೋಡೆ ದಾಟಿ ನನ್ನ ಸಂದಿಗೆ ಇಳಿಬಿದ್ದಿತು. ಕಾಗದದ ಹೂವಿನ ಮುಳ್ಳಿನ ನಡುವೆ ತೂರಿಕೊಂಡು ನೆಲದ ಹತ್ತಿರಕ್ಕೇ ಬಂದಿತ್ತು. ಸವಡಿಯಿಂದ ತಂದ ಒಂದು ಡಬ್ಬಿ ಮಣ್ಣನ್ನು ಗರಸಿನಲ್ಲಿ ತೋಡಿದ ಕುಣಿಗೆ ಸುರಿದು, ಬಳ್ಳಿಯನ್ನು ಬಾಗಿಸಿ ಹೂತು, ಮೇಲೆ ಬೀಸುಕಲ್ಲಿನ ಒಡೆದ ಹೋಳು ಇಟ್ಟೆ. ಯಾರಿಗೂ ಹೇಳಲಿಲ್ಲ. ದೀಪಾವಳಿ ಕಳೆದ ಮೇಲೆ ಎಳೆದು ನೋಡಿದರೆ ಬೇರು ಹಿಡಿದಿತ್ತು. ಗೋಡೆಯ ಕಡೆಯ ಬಳ್ಳಿಯನ್ನು ಕುಡುಗೋಲಿನಿಂದ ಕಚಕ್ಕನೆ ಕತ್ತರಿಸಿದೆ. ಕತ್ತರಿಸಿದ ತುದಿಯನ್ನು ಅವಳ ಹಿತ್ತಲಿಗೆ ತಳ್ಳಿದೆ. ನನ್ನ ಗಿಡವನ್ನು ನಾನೇ ಕದ್ದು ತಂದೆ ಎಂದು ಆ ಚಳಿಗಾಲವೆಲ್ಲ ಒಳಗೊಳಗೇ ಹಿಗ್ಗಿದೆ. ಪುಷ್ಯದಲ್ಲಿ ಅದಕ್ಕೆ ಉಪವಾಸ ಹಾಕಿದೆ. ಗರಸಿನಲ್ಲಿದ್ದ ಗಿಡಕ್ಕೆ ಉಪವಾಸವೇನು ಹೊಸದು? ಮೊದಲ ವರ್ಷ ಕೈಬೆರಳಲ್ಲಿ ಎಣಿಸುವಷ್ಟು ಹೂ ಬಂತು. ಅದರ ಮುಂದಿನ ವರ್ಷ ಯುಗಾದಿ ಕಳೆದು ಬೇಸಿಗೆ ಏರುವ ಹೊತ್ತಿಗೆ ಗಿಡ ಬಿಳಿಯಾಯಿತು. ಸಂಜೆ ಗಾಳಿ ಬೀಸಿದರೆ ವಾಸನೆ ಗೋಡೆ ದಾಟಿ ಆಚೆ ಹೋಗುತ್ತಿತ್ತು. ಹೋಗಲಿ ಎಂದೇ ಅಡುಗೆಮನೆಯ ಬಾಗಿಲು ತೆರೆದಿಟ್ಟು ಕೂರುತ್ತಿದ್ದೆ.

ಅವಳು ಬಂದದ್ದು ಆ ಬೇಸಿಗೆಯಲ್ಲಿಯೇ. ಬೆಳಗಿನ ಹೊತ್ತು, ಕೈಯಲ್ಲಿ ಹಿತ್ತಾಳೆಯ ತಾಟು. ಮಗಳ ಕುಬಸ ಇಟ್ಟುಕೊಂಡಿದ್ದಳು. ಚೊಚ್ಚಲ ಬಸಿರಿ, ಮೊಗ್ಗಿನ ಜಡೆ ಹಾಕಬೇಕು. ಸಂತೆಯ ಹೂವು ಬೇಡ, ಮನೆಯ ಮಲ್ಲಿಗೆಯೇ ಬೇಕು ಎಂದು ಹುಡುಗಿ ಹಟ ಹಿಡಿದಿದ್ದಾಳೆಂದು ಹೇಳಿದಳು. ಆ ಹುಡುಗಿಗೆ ಸಣ್ಣವಳಿದ್ದಾಗ ಇದೇ ಮಲ್ಲಿಗೆಯಿಂದ ಜಡೆ ಹೆಣೆದವಳು ನಾನು. ಆದರೂ ನಾನು ಕರಗಲಿಲ್ಲ. ಗೋಡೆ ಎದ್ದ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊಸ್ತಿಲ ಮೇಲೆ ನಿಂತೇ ಹೇಳಿದೆ:

“ಇಲ್ಲಿ ಬರೇ ಗರಸ ಐತಲ್ಲರಿ, ಅಕ್ಕಾ. ಕಸಾನೂ ಹುಟ್ಟೂದಿಲ್ಲ, ಹೂ ಎಲ್ಲಿಂದ ಹುಟ್ಟಬೇಕು?”

ಅವಳ ಮುಖ ಕೆಂಪಾಗುತ್ತದೆ, ತಾಟು ನಡುಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅಂದಿದ್ದು ಹೌದು, ಮರೆತಿಲ್ಲ ಎಂದಳು. ಆ ಮೇಲೆ ನನ್ನನ್ನು ದಾಟಿಕೊಂಡು ಸಂದಿಯ ಬಾಗಿಲಿಗೆ ಹೋಗಿ, ಕಣಗಿಲೆಯನ್ನೂ ಅಬ್ಬಲಿಗೆಯನ್ನೂ ನೋಡದೆ ನೆಟ್ಟಗೆ ಮಲ್ಲಿಗೆಯ ಮುಂದೆ ನಿಂತಳು. ಇದು ತನ್ನ ಗಿಡದ ಬಳ್ಳಿ ಎಂದು ಗುರುತಿಸಲಿ, ಜಗಳ ತೆಗೆಯಲಿ ಎಂದು ನಾನು ಕಾಯುತ್ತಿದ್ದೆ. ಗುರುತಿಸಿದಳು.

“ಈ ಬಳ್ಳಿ ತಾನಾಗೇ ಗ್ವಾಡಿ ಹತ್ತಿ ಬಂತು ಅನಕೊಂಡಿದ್ದೇನು? ನಾನಽ ಎತ್ತಿ ಹಾಕಿದ್ದೆ. ತವರಿನ ಗಿಡ ತಂದಾಕಿ ಕೈಗಷ್ಟ ಹೂ ಬಿಡತೈತಿ ಅಂತಾರ. ನನ್ನ ಮ್ಯಾಲ ಸಿಟ್ಟಾಗೇತಿ, ನಿನ್ನ ಕಡೆ ಬಂದಾರ ಹೂ ಬಿಡಲಿ ಅಂತ.”

ನನಗೆ ಮೈ ಉರಿದುಹೋಯಿತು. ಸುಳ್ಳು ಹೇಳುವುದಿಲ್ಲ, ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ನಾನು ಕದ್ದೆ ಎಂದು ಹಿಗ್ಗಿದ್ದನ್ನು ಅವಳು ದಾನ ಕೊಟ್ಟಿದ್ದಳು. ಅಷ್ಟು ವರ್ಷ ಕಾದು ಎತ್ತಿದ ಕೋಲು ಕೈಯಲ್ಲೇ ಮುರಿದಂತಾಯಿತು. ನನ್ನ ಹತ್ತಿರ ಉಳಿದಿದ್ದದ್ದು ಒಂದೇ ಕಲ್ಲು. ಅದನ್ನೂ ಬೀಸಿದೆ.

“ಗಿಡಕ್ಕ ಯಾವ ಸಿಟ್ಟೂ ಇಲ್ಲರಿ, ಅಕ್ಕಾ. ನೀರ ಹೆಚ್ಚಾಗೇತಿ. ಪುಷ್ಯದಾಗ ಎಲಿ ಕಿತ್ತು ಉಪಾಸ ಕೆಡವಬೇಕು. ನಾ ವರ್ಷಾ ಮಾಡತಿದ್ದೆಲ್ಲಾ, ಅದು ಆಡಿನ ಸಲುವಾಗಿ ಅಲ್ಲ. ಗ್ವಾಡಿ ಕಟ್ಟಿದಾಗಿಂದ ನೋಡಕೋತ ಕುಂತೀನಿ.”

ನೀರು ಸಾಲದು ಎಂದು ನಾನೇ ಹೇಳಿದ್ದು ಅವಳ ನೆನಪಿಗೆ ಬಂದದ್ದು ನನಗೆ ಕಾಣಿಸಿತು. ಪೈಪು ತಿರುಗಿಸಿದ್ದು, ಸಗಣಿ ಹೊತ್ತದ್ದು, ಹೂ ಬಿಡದ ಗಿಡದ ಮುಂದೆ ಪ್ರತಿ ಚೈತ್ರ ನಿಂತದ್ದು, ಎಲ್ಲವನ್ನೂ ಅವಳು ಒಂದೊಂದಾಗಿ ಲೆಕ್ಕ ಹಾಕುತ್ತಿದ್ದಳು. ನಾನು ಬಯಸಿದ್ದ ಮುಖ ಅದೇ. ಕೊನೆಗೂ ನೋಡಲು ಸಿಕ್ಕಿತು.

“ಹಂಗಾರ ಸಿಟ್ಟು ಗಿಡದ್ದಲ್ಲ,” ಎಂದಳು. “ನಿಂದು.”

ಹೌದು ಎಂದೆ. ತಾಟು ಇಸಿದುಕೊಂಡು, ಗಿಡದ ಮೇಲೆ ಒಂದು ಮೊಗ್ಗೂ ಬಿಡದೆ ಕೊಯ್ದು, ತುಂಬಿ ಕೊಟ್ಟೆ. ಕಡಿಮೆ ಕೊಟ್ಟಳು ಎಂಬ ಮಾತು ಓಣಿಯಲ್ಲಿ ಹುಟ್ಟಬಾರದಲ್ಲ. ಕೊಟ್ಟ ಹೂವನ್ನು ಒಲ್ಲೆ ಅನ್ನುವ ಹಾಗಿಲ್ಲ. ಅವಳು ತೆಗೆದುಕೊಂಡು ಹೋದಳು. ಕುಬಸದ ದಿನ ಹುಡುಗಿಯ ಜಡೆಯನ್ನು ನಾನೇ ಹೆಣೆದೆ, ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ವರ್ಷದ ಪುಷ್ಯದಲ್ಲಿ ನಾನು ಮಾಳಿಗೆ ಹತ್ತಿದಾಗ ಆಚೆಯ ಬಚ್ಚಲ ಕಾಲುವೆ ಬೇರೆ ಕಡೆ ತಿರುಗಿತ್ತು. ಮಲ್ಲಿಗೆ ಎಲೆಯೆಲ್ಲ ಕಳೆದುಕೊಂಡು ಕಡ್ಡಿಯಾಗಿ ನಿಂತಿತ್ತು. ಅವಳು ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಉಳಿದ ಎಲೆ ಕೀಳುತ್ತಿದ್ದಳು. ನನ್ನನ್ನು ಕಂಡೂ ಕಾಣದವಳಂತೆ ಇದ್ದಳು. ಹೇಳಿಕೊಟ್ಟವಳು ನಾನೇ ಆದದ್ದರಿಂದ ನಾನು ಹಲ್ಲು ಕಚ್ಚಿ ಕೆಳಗಿಳಿದೆ.

ಎರೆಮಣ್ಣಿನ ಮಲ್ಲಿಗೆ ಉಪವಾಸ ಮುರಿದರೆ ಹೇಗಿರುತ್ತದೆ ಎಂಬುದನ್ನು ನಾನು ಮರೆತಿದ್ದೆ. ಈ ವರ್ಷ ಯುಗಾದಿ ಕಳೆದ ಮೇಲೆ ಅದು ಬಿಟ್ಟ ಹೂವು ನನ್ನ ಸಂದಿಯ ಗಿಡದ ಹತ್ತರಷ್ಟು. ಒಂದೊಂದು ಮೊಗ್ಗೂ ಗೋಡಂಬಿಯಂತೆ ದಪ್ಪ. ಈಗ ವಾಸನೆ ಆಚೆಯಿಂದ ಈಚೆಗೆ ಬರುತ್ತದೆ, ನಾನು ಅಡುಗೆಮನೆಯ ಬಾಗಿಲು ಮುಚ್ಚುತ್ತೇನೆ. ದಿನಾ ಬೆಳಗ್ಗೆ ಅವಳು ಮಾತಿಲ್ಲದೆ ಮುತ್ತುಗದ ಎಲೆಯಲ್ಲಿ ಒಂದು ಬೊಗಸೆ ಮಲ್ಲಿಗೆ ಸುತ್ತಿ ಗೋಡೆಯ ಮೇಲೆ, ಕಾಗದದ ಹೂವಿನ ಮುಳ್ಳು ಇಲ್ಲದ ಜಾಗ ನೋಡಿ, ಇಟ್ಟು ಹೋಗುತ್ತಾಳೆ. ನಾನು ಕೇಳಿಲ್ಲ. ಓಣಿಯವರು ನೆಗೆಣ್ಣಿಯರು ಕೂಡಿದರು, ಚಲೋ ಆಯಿತು ಎನ್ನುತ್ತಾರೆ. ನನ್ನ ಗಂಡನೂ ಹಾಗೇ ಅಂದುಕೊಂಡಿದ್ದಾರೆ. ಸೇಡು ಯಾವುದು, ಪ್ರೀತಿ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಟ್ಟ ಹೂವನ್ನು ಒಲ್ಲೆ ಅನಬಾರದು, ಹಾಗಾಗಿ ಬೆಳಗ್ಗೆ ಸ್ನಾನ ಮಾಡಿ ಬಂದು ಆ ಎಲೆಯನ್ನು ಬಿಚ್ಚುತ್ತೇನೆ, ಅರ್ಧ ದೇವರಿಗೆ ಏರಿಸುತ್ತೇನೆ, ಅರ್ಧ ಮುಡಿದುಕೊಳ್ಳುತ್ತೇನೆ.